ಆರ್ಥಿಕ ಹಿಂಜರಿತ ಮತ್ತು ಉದ್ಯೋಗದ ಆಯ್ಕೆ: ಮೇಲೂರು–ಶಿಡ್ಲಘಟ್ಟ ರೇಷ್ಮೆ ಸೀಮೆಯ ಅನುಭವ

ವ್ಯಾಪಾರ ಕುಸಿದ ಕಾಲದಲ್ಲಿ ಕೆಲಸ ಹುಡುಕುವುದು ಕೆಲಸಗಾರನ ಪಾಡು, ಮಾಲೀಕನಿಗೆ ಅದರಿಂದ ಅನುಕೂಲವೇ ಹೊರತು ಹಾನಿಯಿಲ್ಲ ಎಂಬ ಭಾವನೆ ಉದ್ದಿಮೆ ವಲಯದಲ್ಲಿ ಬಹುಕಾಲದಿಂದ ಬೇರೂರಿದೆ. ಕೆಲಸ ಕೇಳಿಕೊಂಡು ಬಾಗಿಲಿಗೆ ಬರುವವರು ಹೆಚ್ಚಿದಂತೆ ಕೂಲಿ ಇಳಿಯುತ್ತದೆ ಎಂಬ ಲೆಕ್ಕಾಚಾರ ಇದರ ಹಿಂದಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳನ್ನು ಗಮನಿಸಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಕೆಟ್ಟ ವರ್ಷದಲ್ಲಿ ಬೇರೆ ಉದ್ಯಮಕ್ಕೆ ಹೋದ ನುರಿತ ಕೈ ಒಳ್ಳೆಯ ವರ್ಷ ಬಂದಾಗ ಹಿಂದಿರುಗುವುದು ಅಪರೂಪ. ಹೀಗಾಗಿ ಹಿಂಜರಿತದ ಕಾಲದಲ್ಲಿ ಜನ ಯಾವ ಕೆಲಸವನ್ನು ಆರಿಸಿಕೊಳ್ಳುತ್ತಾರೆ, ಏಕೆ ಆರಿಸಿಕೊಳ್ಳುತ್ತಾರೆ ಎಂಬುದು ಸಣ್ಣ ಕೈಗಾರಿಕೋದ್ಯಮಿಯೂ ತಿಳಿದಿರಬೇಕಾದ ವಿಷಯವಾಗಿದೆ.

ಶಿಡ್ಲಘಟ್ಟದಿಂದ ವಿಜಯಪುರದ ಕಡೆಗೆ ಹೋಗುವ ರಸ್ತೆಯಲ್ಲಿ ಮೇಲೂರು ಸಿಗುತ್ತದೆ. ಒಂದು ಕಡೆ ಶಿಡ್ಲಘಟ್ಟದ ಸರ್ಕಾರಿ ಗೂಡಿನ ಮಾರುಕಟ್ಟೆ; ರಾಮನಗರದ ಮಾರುಕಟ್ಟೆಯೊಂದಿಗೆ ಹೆಸರಿಸಲಾಗುವ, ರಾಜ್ಯದ ಅತಿ ದೊಡ್ಡ ಮಾರುಕಟ್ಟೆಗಳಲ್ಲಿ ಇದೂ ಒಂದು. ಇನ್ನೊಂದು ಕಡೆ, ಅದೇ ರಸ್ತೆಯಲ್ಲಿ ಮುಂದುವರಿದರೆ ದೇವನಹಳ್ಳಿ, ಅದರಾಚೆ ವಿಮಾನ ನಿಲ್ದಾಣ. ಹಿಪ್ಪುನೇರಳೆ ತೋಟ, ಹುಳು ಸಾಕಣೆ ಮನೆ, ದ್ರಾಕ್ಷಿ ಚಪ್ಪರ, ನೂಲು ಬಿಚ್ಚುವ ಫಿಲೇಚರ್ ಇವೆಲ್ಲವೂ ಈ ಭಾಗದ ಹಳೆಯ ಜೀವನಾಧಾರಗಳು. 2008ರ ಮೇ 24ರಂದು ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ಮೇಲೆ ಈ ಭಾಗದ ಯುವಕ ಯುವತಿಯರ ಮುಂದೆ ಮತ್ತೊಂದು ದಾರಿ ತೆರೆದುಕೊಂಡಿತು. ಒಂದೇ ಮನೆಯಲ್ಲಿ ತಾಯಿ ಬೇಸಿನ್ ಮುಂದೆ ನೂಲೆಳೆಯುತ್ತಿದ್ದರೆ, ಮಗ ಸರಕು ಸಾಗಣೆ ಗೋದಾಮಿನಲ್ಲಿ, ಮಗಳು ಸಿದ್ಧ ಉಡುಪು ಕಾರ್ಖಾನೆಯಲ್ಲಿ ದುಡಿಯುವ ಸ್ಥಿತಿ ಹೊಸತೇನಲ್ಲ.

ಒಲೆ ಆರುವುದು ಹೇಗೆ?

ನೂಲು ಬಿಚ್ಚಾಣಿಕೆಯಲ್ಲಿ ಕೆಲಸ ಎಷ್ಟು ಬೇಗ ನಿಲ್ಲುತ್ತದೆ ಎಂಬುದನ್ನು ಅರಿಯಲು ಅದರ ಲಾಭದ ಅಂತರವನ್ನು ನೋಡಬೇಕು. ಒಂದು ಕೆ.ಜಿ. ಕಚ್ಚಾ ರೇಷ್ಮೆ ಪಡೆಯಲು ಮಿಶ್ರತಳಿ ಗೂಡಾದರೆ ಸುಮಾರು ಏಳೂವರೆ ಕೆ.ಜಿ. ಬೇಕು. ಈ ಪ್ರಮಾಣವನ್ನೇ ರೀಲರುಗಳು ರೆಂಡಿಟ್ಟಾ ಎನ್ನುತ್ತಾರೆ. ಉದಾಹರಣೆಗಾಗಿ ಗೂಡಿನ ಧಾರಣೆ ಕೆ.ಜಿ.ಗೆ ರೂ. 400 ಎಂದಿಟ್ಟುಕೊಳ್ಳೋಣ. ಗೂಡಿಗೇ ರೂ. 3,000 ಆಯಿತು. ಕೂಲಿ, ಸೌದೆ, ನೀರು, ವಿದ್ಯುತ್ತು, ಸಾಗಣೆ ಸೇರಿ ರೂ. 400; ಪ್ಯೂಪಾ ಮತ್ತು ರೇಷ್ಮೆ ತ್ಯಾಜ್ಯದ ಮಾರಾಟದಿಂದ ರೂ. 150 ಹಿಂದಕ್ಕೆ ಬಂದರೆ ನಿವ್ವಳ ವೆಚ್ಚ ರೂ. 3,250. ನೂಲು ರೂ. 3,350ಕ್ಕೆ ಮಾರಾಟವಾದರೆ ಉಳಿಯುವುದು ಕೇವಲ ರೂ. 100. ಗೂಡು ಕೊಂಡ ದಿನಕ್ಕೂ ನೂಲು ಮಾರುವ ದಿನಕ್ಕೂ ನಡುವೆ ನೂಲಿನ ಬೆಲೆ ಶೇ. 5ರಷ್ಟು ಇಳಿದರೆ ಸಾಕು, ನೂರು ರೂಪಾಯಿ ಲಾಭ ಹೋಗಿ ಅರವತ್ತೇಳು ರೂಪಾಯಿ ಕೈಯಿಂದ ಬೀಳುತ್ತದೆ. ಮಾರನೆಯ ದಿನ ಮಾಲೀಕ ಹರಾಜಿಗೆ ಹೋಗುವುದಿಲ್ಲ. ಒಲೆ ಹೊತ್ತುವುದಿಲ್ಲ. ದಿನಗೂಲಿಯವರಿಗೆ ಅಂದಿನಿಂದಲೇ ಸಂಪಾದನೆ ಇಲ್ಲ.

ದೊಡ್ಡ ಕಾರ್ಖಾನೆಯಲ್ಲಿ ಬೇಡಿಕೆ ಕುಗ್ಗಿದಾಗ ಮೊದಲು ಹೆಚ್ಚುವರಿ ಪಾಳಿ ನಿಲ್ಲುತ್ತದೆ, ಬಳಿಕ ಗುತ್ತಿಗೆಯವರನ್ನು ಬಿಡಲಾಗುತ್ತದೆ, ಕಾಯಂ ನೌಕರರವರೆಗೆ ಬಿಸಿ ತಲುಪಲು ತಿಂಗಳುಗಳೇ ಹಿಡಿಯುತ್ತವೆ. ಫಿಲೇಚರಿನಲ್ಲಿ ಇಂತಹ ಮೆಟ್ಟಿಲುಗಳಿಲ್ಲ. ಇಲ್ಲಿನ ಕೆಲಸಗಾರ ಹಿಂಜರಿತದ ಸುದ್ದಿಯನ್ನು ಪತ್ರಿಕೆಯಲ್ಲಿ ಓದುವ ಮೊದಲೇ ಮನೆಯಲ್ಲಿ ಕುಳಿತಿರುತ್ತಾನೆ.

ಒಂದೇ ಹೆಸರು, ನಾಲ್ಕು ಬಗೆಯ ಪೆಟ್ಟು

ಹಿಂಜರಿತವೆಂದರೆ ಎಲ್ಲ ಉದ್ಯಮಗಳೂ ಒಟ್ಟಿಗೆ ಮುಳುಗುವ ಪ್ರಳಯವೆಂಬ ಗ್ರಹಿಕೆ ಸಾಮಾನ್ಯವಾಗಿದೆ. ಈ ಶತಮಾನದ ಮೊದಲ ಎರಡು ದಶಕಗಳಲ್ಲಿ ಈ ಸೀಮೆಗೆ ಬಿದ್ದ ನಾಲ್ಕು ಪೆಟ್ಟುಗಳು ಈ ಗ್ರಹಿಕೆಯನ್ನು ಸಮರ್ಥಿಸುವುದಿಲ್ಲ.

2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೇಮನ್ ಬ್ರದರ್ಸ್ ಸಂಸ್ಥೆ ದಿವಾಳಿಯೆದ್ದ ನಂತರ ಭಾರತದ ರಫ್ತು ಸತತವಾಗಿ ಇಳಿಯಿತು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರೇ ತಿಂಗಳಲ್ಲಿ, ಸಮೀಕ್ಷೆಗೊಳಪಟ್ಟ ವಲಯಗಳಲ್ಲಿ ಸುಮಾರು 5 ಲಕ್ಷ ಉದ್ಯೋಗಗಳು ಕಳೆದುಹೋದವೆಂದು ಕೇಂದ್ರ ಕಾರ್ಮಿಕ ಮಂತ್ರಾಲಯದ ಲೇಬರ್ ಬ್ಯೂರೋ ಅಂದಾಜಿಸಿತು. ಸಿದ್ಧ ಉಡುಪು, ರತ್ನಾಭರಣ, ವಾಹನ ಬಿಡಿಭಾಗ ಮುಂತಾದ, ವಿದೇಶಿ ಗಿರಾಕಿಯನ್ನು ಅಥವಾ ಸಾಲದ ಖರೀದಿಯನ್ನು ನಂಬಿದ ಉದ್ಯಮಗಳಿಗೆ ಹೊಡೆತ ನೇರವಾಗಿ ತಾಗಿತು. ಸಾಫ್ಟ್‌ವೇರ್ ಸಂಸ್ಥೆಗಳು ಹೊಸ ನೇಮಕಾತಿಯನ್ನು ಮುಂದೂಡಿದವು. ಆದರೆ ಶಿಡ್ಲಘಟ್ಟದ ನೂಲಿನ ಮುಖ್ಯ ಗಿರಾಕಿ ಕಾಂಚೀಪುರ, ಧರ್ಮಾವರದಂತಹ ಕೇಂದ್ರಗಳ ಸೀರೆ ನೇಕಾರ. ಆತನ ಗಿರಾಕಿ ದೇಶದೊಳಗಿನ ಮದುವೆ ಮನೆ. ನ್ಯೂಯಾರ್ಕಿನ ಬ್ಯಾಂಕು ಮುಚ್ಚಿದ್ದಕ್ಕೆ ಇಲ್ಲಿ ಮುಹೂರ್ತಗಳು ರದ್ದಾಗಲಿಲ್ಲ.

2011ರಲ್ಲಿ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಆ ವರ್ಷದ ಫೆಬ್ರವರಿ 28ರ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಲಾಯಿತು. ಚೀನಾ ನೂಲು ಅಗ್ಗವಾಗುತ್ತದೆಂಬ ನಿರೀಕ್ಷೆಯೇ ಸಾಕಾಯಿತು. ಖರೀದಿದಾರರು ಕೈ ಹಿಂದೆಳೆದರು, ಗೂಡಿನ ಧಾರಣೆ ತೀವ್ರವಾಗಿ ಕುಸಿದು ಬೆಳೆಗಾರರು ಬೀದಿಗಿಳಿದರು. ದೇಶದ ಒಟ್ಟು ಆರ್ಥಿಕತೆ ಆಗ ಹಿಂಜರಿತದಲ್ಲಿರಲಿಲ್ಲ. ಬೆಂಗಳೂರಿನಲ್ಲಿ ಕಟ್ಟಡ ಕೆಲಸವಿತ್ತು, ದೇವನಹಳ್ಳಿಯ ಸುತ್ತ ಚಟುವಟಿಕೆಯಿತ್ತು. ಹಿಂಜರಿತವಿದ್ದುದು ರೇಷ್ಮೆಗೆ ಮಾತ್ರ. ಒಂದು ಮುಂಗಡಪತ್ರದ ಒಂದು ಸಾಲು ಒಂದು ತಾಲ್ಲೂಕಿಗೆ ಪ್ರತ್ಯೇಕ ಹಿಂಜರಿತವನ್ನೇ ತರಬಲ್ಲದೆಂಬುದನ್ನು ಆ ವರ್ಷ ತೋರಿಸಿತು. ಸುಂಕವನ್ನು 2013ರಲ್ಲಿ ಶೇ. 15ಕ್ಕೆ ಏರಿಸಲಾಯಿತು. ಮುಂದೆ ಶೇ. 10ಕ್ಕೆ ಇಳಿದಿದ್ದ ಅದು 2021ರ ಮುಂಗಡಪತ್ರದಲ್ಲಿ ಮತ್ತೆ ಶೇ. 15ಕ್ಕೆ ಏರಿತು. ಆದರೆ 2011ರಲ್ಲಿ ಹೊರಟವರು ಸುಂಕ ಏರಿತೆಂದು ಹಿಂದಕ್ಕೆ ಬರಲಿಲ್ಲ.

2016ರ ನವೆಂಬರ್ 8ರ ನೋಟು ರದ್ದತಿ ಮೂರನೆಯದು. ಗೂಡು ಮತ್ತು ಕೂಲಿಯ ಹಣ ನಗದಾಗಿಯೇ ಕೈಬದಲಾಗುತ್ತಿದ್ದ ವ್ಯಾಪಾರಕ್ಕೆ ಇದು ಬೇಡಿಕೆಯ ಕೊರತೆಯಾಗಿರದೆ ಹಣದ ಕೊರತೆಯಾಗಿ ಬಂದಿತು. ಬ್ಯಾಂಕ್ ಖಾತೆಯ ಮೂಲಕ ವೇತನ ನೀಡುತ್ತಿದ್ದ ಕಾರ್ಖಾನೆಗಳ ನೌಕರರು ಆ ವಾರಗಳನ್ನು ಹೇಗೋ ದಾಟಿದರು. ವಾರದ ಬಟವಾಡೆಯನ್ನು ನಂಬಿದವರಿಗೆ ಅದು ಸುಲಭವಾಗಿರಲಿಲ್ಲ.

ನಾಲ್ಕನೆಯದು 2020ರ ಮಾರ್ಚ್ 25ರಿಂದ ಜಾರಿಗೆ ಬಂದ ಲಾಕ್‌ಡೌನ್. ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ದೇಶದ ಒಟ್ಟು ಆಂತರಿಕ ಉತ್ಪನ್ನ ಪ್ರಾಥಮಿಕ ಅಂದಾಜಿನಂತೆ ಶೇ. 23.9ರಷ್ಟು ಕುಗ್ಗಿತು. ಕೃಷಿ ವಲಯವೊಂದೇ ಶೇ. 3.4ರಷ್ಟು ಬೆಳೆಯಿತು. ಮದುವೆಯ ಹಂಗಾಮು ಕೈತಪ್ಪಿದ್ದರಿಂದ ಈ ಬಾರಿ ರೇಷ್ಮೆಯೂ ಪಾರಾಗಲಿಲ್ಲ. 2021ರ ಬೇಸಿಗೆಯಲ್ಲಿ ಎರಡನೆಯ ಅಲೆಯಿಂದ ಅದೇ ಹಂಗಾಮಿಗೆ ಮತ್ತೊಮ್ಮೆ ಪೆಟ್ಟು ಬಿದ್ದಿತು. ನಗರದಿಂದ ಹಳ್ಳಿಗೆ ಮರಳಿದವರು ಹೊಲಕ್ಕೆ ಇಳಿದರು. ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ 2018–19ರಲ್ಲಿ ಶೇ. 42.5ರಷ್ಟಿದ್ದ ಕೃಷಿಯಲ್ಲಿನ ಉದ್ಯೋಗದ ಪಾಲು 2019–20ರಲ್ಲಿ ಶೇ. 45.6ಕ್ಕೆ ಏರಿತು. ದಶಕಗಳಿಂದ ಇಳಿಯುತ್ತಿದ್ದ ಪಾಲು ಹೀಗೆ ಮೇಲೇರಿದ್ದನ್ನು ಪ್ರಗತಿಯೆಂದು ಬಗೆಯುವಂತಿಲ್ಲ. ಮನೆಯ ಎರಡು ಎಕರೆಯಲ್ಲಿ ಇಬ್ಬರು ಮಾಡುತ್ತಿದ್ದ ಕೆಲಸವನ್ನು ನಾಲ್ವರು ಹಂಚಿಕೊಂಡರೆಂಬುದಷ್ಟೇ ಇದರ ಅರ್ಥ.

ಈ ನಾಲ್ಕನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಯಾವ ಉದ್ಯಮ ಭದ್ರ ಎಂಬ ಪ್ರಶ್ನೆಗೆ ಸಾರ್ವಕಾಲಿಕ ಉತ್ತರವಿಲ್ಲ. ಆ ಉದ್ಯಮದ ಕೊನೆಯ ಗಿರಾಕಿ ಯಾರು, ಆತ ಎಲ್ಲಿದ್ದಾನೆ, ಆತನ ಖರೀದಿಯನ್ನು ತಡೆಯಬಲ್ಲದ್ದು ಯಾವುದು ಎಂದು ಕೇಳಿದರೆ ಉತ್ತರ ಸಿಗುತ್ತದೆ. ಮನೆಯ ಇಬ್ಬರು ದುಡಿಯುವವರು ಬೇರೆ ಬೇರೆ ಬಗೆಯ ಗಿರಾಕಿಯನ್ನು ನಂಬಿದ ಉದ್ಯಮಗಳಲ್ಲಿದ್ದರೆ 2008 ಒಬ್ಬರನ್ನು, 2011 ಇನ್ನೊಬ್ಬರನ್ನು ತಟ್ಟುತ್ತದೆ. ಇಬ್ಬರನ್ನೂ ಏಕಕಾಲಕ್ಕೆ ಅಲ್ಲ. ಮೇಲೂರಿನಂತಹ ಊರಿನ ಕುಟುಂಬಗಳು ಈ ಲೆಕ್ಕವನ್ನು ಅರ್ಥಶಾಸ್ತ್ರದ ಪುಸ್ತಕ ನೋಡಿ ಕಲಿತದ್ದಲ್ಲ.

ಹೋದವರು ಏಕೆ ಬರುವುದಿಲ್ಲ?

ಕೂಲಿಯ ಮೊತ್ತವೇ ಕಾರಣವೆಂದು ಮಾಲೀಕರು ಬಹುಮಟ್ಟಿಗೆ ನಂಬುತ್ತಾರೆ. ನುರಿತ ರೀಲಿಂಗ್ ಕೆಲಸಗಾರ್ತಿಯ ದಿನಗೂಲಿಗೂ ಕಾರ್ಖಾನೆಯ ಆರಂಭಿಕ ಸಂಬಳಕ್ಕೂ ಪ್ರಯಾಣದ ಸಮಯ, ಊಟದ ಖರ್ಚು ಕಳೆದರೆ ಕೆಲವೊಮ್ಮೆ ಹೆಚ್ಚಿನ ಅಂತರ ಉಳಿಯುವುದಿಲ್ಲ. ನಿಜವಾದ ಅಂತರ ಬೇರೆಡೆ ಇದೆ.

ಕಾರ್ಮಿಕ ರಾಜ್ಯ ವಿಮೆಯು ಸಾಮಾನ್ಯವಾಗಿ 10 ಅಥವಾ ಹೆಚ್ಚು, ಭವಿಷ್ಯ ನಿಧಿಯು 20 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಐದಾರು ಬೇಸಿನ್‌ಗಳ ಫಿಲೇಚರ್ ಎರಡರ ಹೊರಗೂ ಉಳಿಯುತ್ತದೆ. ದೇವನಹಳ್ಳಿ ಅಥವಾ ದೊಡ್ಡಬಳ್ಳಾಪುರದ ಕಾರ್ಖಾನೆಗೆ ಸೇರಿದವರಿಗೆ ಇವೆರಡೂ ದೊರೆಯುತ್ತವೆ. ಕೆಲಸ ಕಳೆದುಕೊಂಡ ವಿಮಾದಾರರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯಡಿ ಗರಿಷ್ಠ 90 ದಿನಗಳ ಪರಿಹಾರ ನೀಡುವ ವ್ಯವಸ್ಥೆ 2018ರಲ್ಲಿ ಬಂದಿತು. ಸರಾಸರಿ ದಿನವೇತನದ ಶೇ. 25ರಷ್ಟಿದ್ದ ಈ ಪರಿಹಾರವನ್ನು 2020ರಲ್ಲಿ ಶೇ. 50ಕ್ಕೆ ಹೆಚ್ಚಿಸಲಾಯಿತು. ಯೋಜನೆಯ ಅವಧಿ ಕಾಲಕಾಲಕ್ಕೆ ವಿಸ್ತರಣೆಯಾಗುತ್ತಾ ಬಂದಿರುವುದರಿಂದ ಅರ್ಜಿ ಹಾಕುವ ಮುನ್ನ ವಿಮಾ ನಿಗಮದ ಶಾಖಾ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಭವಿಷ್ಯ ನಿಧಿಯನ್ನು ಕೆಲಸಗಾರರು ಮುಪ್ಪಿನ ಉಳಿತಾಯವೆನ್ನುವುದಕ್ಕಿಂತ ಕೆಲಸ ತಪ್ಪಿದಾಗಿನ ಆಸರೆಯೆಂದೇ ಕಾಣುತ್ತಾರೆ. ನಿಧಿಯಲ್ಲಿನ ಮಾಲೀಕರ ಪಾಲನ್ನು 58 ವರ್ಷದವರೆಗೆ ಹಿಂಪಡೆಯಲಾಗದಂತೆ ಮಾಡುವ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಮಹಿಳೆಯರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಕೇಂದ್ರ ಸರ್ಕಾರ ನಿಯಮವನ್ನು ಕೈಬಿಟ್ಟಿತು. ಅಂದು ಹಲವರಿಗೆ ಆಶ್ಚರ್ಯ ತಂದ ಆ ಆಕ್ರೋಶದ ಮೂಲ ಇಷ್ಟೇ: ಈ ಹಣವೇ ಆ ಕುಟುಂಬಗಳ ನಿರುದ್ಯೋಗ ವಿಮೆಯಾಗಿತ್ತು.

ಫಿಲೇಚರಿನಲ್ಲಿ ಇದರ ಸ್ಥಾನದಲ್ಲಿರುವುದು ಮುಂಗಡ. ಮದುವೆಗೋ ಆಸ್ಪತ್ರೆಗೋ ಮಾಲೀಕ ಕೊಡುವ ಹಣ ಕೆಲಸಗಾರರನ್ನು ಹಿಡಿದಿಡುತ್ತದೆಂಬುದು ಹಳೆಯ ನಂಬಿಕೆ. ಒಳ್ಳೆಯ ಕಾಲದಲ್ಲಿ ಅದು ನಿಜವೂ ಹೌದು. ಒಲೆ ಆರಿದಾಗ ಮಾತ್ರ ಕೆಲಸಗಾರನಿಗೆ ಸಂಪಾದನೆಯಿಲ್ಲ, ಸಾಲ ಹಾಗೆಯೇ ಉಳಿದಿದೆ. ಮಾಲೀಕನ ದುಡಿಮೆ ಬಂಡವಾಳವೂ ಅದರಲ್ಲಿ ಸಿಕ್ಕಿಕೊಂಡಿದೆ. ಮುಂಗಡದ ಕಾರಣಕ್ಕೆ ಒಬ್ಬರನ್ನು ಕೆಲಸ ಬಿಡದಂತೆ ತಡೆಯುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧವೆಂಬುದನ್ನೂ ಇಲ್ಲಿ ನೆನಪಿಸಬೇಕು. ಕೈಗಳು ಸಿಗದ ಹೊತ್ತಿನಲ್ಲಿ ಮಕ್ಕಳನ್ನು ಕೆಲಸಕ್ಕೆ ಹಚ್ಚುವ ದುರಭ್ಯಾಸವೂ ಈ ಉದ್ಯಮಕ್ಕೆ ಕೆಟ್ಟ ಹೆಸರು ತಂದಿದೆ. ಭಾರತದ ರೇಷ್ಮೆ ಉದ್ಯಮದಲ್ಲಿನ ಬಾಲಜೀತದ ಕುರಿತು 2003ರಲ್ಲಿ ಅಂತರರಾಷ್ಟ್ರೀಯ ಮಾನವ ಹಕ್ಕು ಸಂಸ್ಥೆಯೊಂದು ಪ್ರತ್ಯೇಕ ವರದಿಯನ್ನೇ ಪ್ರಕಟಿಸಿತ್ತು. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನವರನ್ನು ಯಾವುದೇ ಉದ್ಯಮದಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ.

ಆದರೂ ಕಾರ್ಖಾನೆಯ ಕೆಲಸವೆಲ್ಲವೂ ಭದ್ರವೆಂದು ತಿಳಿಯಬಾರದು. ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಮೊಬೈಲ್ ತಯಾರಿಕಾ ಘಟಕದಲ್ಲಿ 2020ರ ಡಿಸೆಂಬರ್‌ನಲ್ಲಿ ವೇತನದ ವಿವಾದ ಹಿಂಸಾಚಾರಕ್ಕೆ ತಿರುಗಿತು. ಅಲ್ಲಿ ಬಹುಸಂಖ್ಯೆಯ ಕೆಲಸಗಾರರು ಗುತ್ತಿಗೆ ಏಜೆನ್ಸಿಗಳ ಮೂಲಕ ನೇಮಕವಾದವರು. ಕೆಲವರಿಗೆ ವೇತನ ಸರಿಯಾಗಿ, ಸಕಾಲದಲ್ಲಿ ಸಂದಾಯವಾಗಿರಲಿಲ್ಲವೆಂದು ಕಂಪನಿಯೇ ಒಪ್ಪಿಕೊಂಡಿತು. ಆದಕಾರಣ ಕೆಲಸಕ್ಕೆ ಸೇರುವವರು ಗೇಟಿನ ಮೇಲಿನ ಹೆಸರಿಗೆ ಮರುಳಾಗದೆ ನೇಮಕಾತಿ ಪತ್ರದಲ್ಲಿ ಮಾಲೀಕನೆಂದು ಯಾರ ಹೆಸರಿದೆ, ಭವಿಷ್ಯ ನಿಧಿಯ ಯುಎಎನ್ ಸಂಖ್ಯೆ ದೊರೆತಿದೆಯೇ, ಪ್ರತಿ ತಿಂಗಳು ಹಣ ಜಮೆಯಾಗುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಹಿಂಜರಿತ ಬಂದಾಗ ಮೊದಲು ಹೊರಬೀಳುವವರು ಗುತ್ತಿಗೆಯವರು.

ಯಾವ ಕೆಲಸ ಕಲಿಯಬೇಕು?

ಉದ್ಯಮವನ್ನು ಆರಿಸಿಕೊಳ್ಳುವುದಕ್ಕಿಂತ, ಒಂದು ಉದ್ಯಮದಿಂದ ಇನ್ನೊಂದಕ್ಕೆ ಹೊತ್ತೊಯ್ಯಬಹುದಾದ ಕಸುಬನ್ನು ಆರಿಸಿಕೊಳ್ಳುವುದು ಯುವಕರಿಗೆ ಹೆಚ್ಚು ಉಪಯುಕ್ತ. ಬೇಸಿನ್ ಮುಂದೆ ಬಿಸಿನೀರಿನಲ್ಲಿ ಗೂಡಿನ ಎಳೆ ಹಿಡಿಯುವ ಕೌಶಲ್ಯ ಬಹು ಸೂಕ್ಷ್ಮವಾದದ್ದು, ವರ್ಷಗಳ ಅಭ್ಯಾಸ ಬೇಡುವಂಥದ್ದು. ಆದರೆ ಫಿಲೇಚರಿನ ಹೊರಗೆ ಅದಕ್ಕೆ ಬೆಲೆಯಿಲ್ಲ. ಅದೇ ಫಿಲೇಚರಿನ ಬಾಯ್ಲರ್ ನೋಡಿಕೊಳ್ಳುವವ ಔಷಧ ಕಾರ್ಖಾನೆಯಲ್ಲೋ ಆಹಾರ ಸಂಸ್ಕರಣಾ ಘಟಕದಲ್ಲೋ ಕೆಲಸ ಪಡೆಯಬಲ್ಲ. ವಿದ್ಯುತ್ ಮೋಟಾರು ದುರಸ್ತಿ, ಫಿಟ್ಟರ್ ಕೆಲಸ, ಹೊಲಿಗೆ, ವಾಹನ ಚಾಲನೆ, ಲೆಕ್ಕಪತ್ರ ಇವೆಲ್ಲವೂ ಇದೇ ಬಗೆಯವು. ಸ್ವಯಂಚಾಲಿತ ರೀಲಿಂಗ್ ಯಂತ್ರಗಳು ಬಂದಿರುವ ಕಡೆ ನೂಲೆಳೆಯುವ ಕೈಗಳು ಕಡಿಮೆ ಸಾಕು. ಯಂತ್ರವನ್ನು ಅರಿತವರು ಮಾತ್ರ ಬೇಕೇ ಬೇಕು. ಈ ಯಂತ್ರಗಳಿಗೆ ದ್ವಿತಳಿ ಗೂಡು ಅಗತ್ಯವಾದ್ದರಿಂದ ಹುಳು ಸಾಕಣೆಯಲ್ಲೂ ತಿಳಿವಳಿಕೆಯುಳ್ಳವರಿಗೆ ಅವಕಾಶ ಹೆಚ್ಚಿದೆ.

ಹಿಂಜರಿತದ ವರ್ಷದಲ್ಲಿ ಶಿಕ್ಷಣ ಮುಗಿಸಿದವರು ಒಳ್ಳೆಯ ಹುದ್ದೆ ಬರುವವರೆಗೆ ಮನೆಯಲ್ಲಿ ಕಾಯುವುದು ಸರಿಯೇ ಎಂಬ ಪ್ರಶ್ನೆಯೂ ಇದೆ. ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಡಿ 2024ರ ಜನವರಿಯಿಂದ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ ರೂ. 3,000, ಡಿಪ್ಲೊಮಾ ಪಡೆದವರಿಗೆ ರೂ. 1,500 ಗರಿಷ್ಠ ಎರಡು ವರ್ಷ ನೀಡುವ ಏರ್ಪಾಡಾಯಿತು. ಇದು ಬಸ್ ಪ್ರಯಾಣ, ಅರ್ಜಿ ಶುಲ್ಕಕ್ಕೆ ಆಸರೆಯೇ ಹೊರತು ಕಾಯುವುದಕ್ಕೆ ಸಮರ್ಥನೆಯಲ್ಲ. ಕಡಿಮೆ ವೇತನದ್ದಾದರೂ ಅನುಭವ ಪತ್ರ ದೊರಕುವ ಕೆಲಸಕ್ಕೆ ಸೇರಿದವರು ಮಾರುಕಟ್ಟೆ ಚೇತರಿಸಿದಾಗ ಮುಂದಿರುತ್ತಾರೆ. ಎರಡು ವರ್ಷ ಖಾಲಿ ಬಿಟ್ಟ ಅರ್ಜಿಯನ್ನು ನೇಮಕ ಮಾಡುವವರು ಅನುಮಾನದಿಂದಲೇ ನೋಡುತ್ತಾರೆ. ಈ ಅನುಮಾನ ನ್ಯಾಯವಲ್ಲ, ಆದರೆ ವಾಸ್ತವ.

ಉದ್ದಿಮೆದಾರರ ಕೈಯಲ್ಲಿರುವುದು

2021ರ ನಂತರ ಗೂಡು ಮತ್ತು ನೂಲಿನ ಧಾರಣೆ ಚೇತರಿಸಿದಾಗ ರೀಲರುಗಳ ದೂರು ಬದಲಾಯಿತು. ಗಿರಾಕಿ ಇದ್ದಾನೆ, ಬೇಸಿನ್ ಮುಂದೆ ಕೂರುವವರಿಲ್ಲ ಎಂಬುದು ಹೊಸ ದೂರು. ಹೊಸಬರನ್ನು ಕಲಿಸುವ ಅವಧಿಯಲ್ಲಿ ಎಳೆ ತುಂಡಾಗುವುದು ಹೆಚ್ಚು, ರೆಂಡಿಟ್ಟಾ ಏರುತ್ತದೆ. ಮೇಲಿನ ಉದಾಹರಣೆಯಲ್ಲೇ ಏಳೂವರೆಯ ಬದಲು ಎಂಟು ಕೆ.ಜಿ. ಗೂಡು ಬೇಕಾದರೆ ಕೆ.ಜಿ. ನೂಲಿಗೆ ರೂ. 200 ಹೆಚ್ಚುವರಿ ವೆಚ್ಚ, ಲಾಭದ ಇಮ್ಮಡಿ. ಒಲೆ ಆರಿದ ತಿಂಗಳಲ್ಲಿ ಇಬ್ಬರು ನುರಿತವರಿಗೆ ಅರ್ಧ ಕೂಲಿ ಕೊಟ್ಟು ಉಳಿಸಿಕೊಳ್ಳುವ ಖರ್ಚನ್ನು ಈ ನಷ್ಟದ ಪಕ್ಕದಲ್ಲಿ ಇಟ್ಟು ತೂಗಿದ ಮಾಲೀಕರು ಕಡಿಮೆ.

ಪೂರ್ಣ ಮುಚ್ಚುವುದಕ್ಕೆ ಬದಲು ವಾರದಲ್ಲಿ ಮೂರು ದಿನ ಒಲೆ ಹೊತ್ತಿಸುವುದು ಒಂದು ಉಪಾಯ. ಇದಕ್ಕೆ ಬೇಕಾದದ್ದು ನೂಲನ್ನು ಕೆಲವು ವಾರ ಹಿಡಿದಿಟ್ಟುಕೊಳ್ಳುವ ಶಕ್ತಿ. ಬೆಲೆಯ ಏರಿಳಿತವನ್ನು ತಡೆಯುವ ಉದ್ದೇಶದಿಂದಲೇ 1979ರಲ್ಲಿ ಕರ್ನಾಟಕ ರೇಷ್ಮೆ ಮಾರಾಟ ಮಂಡಳಿ ಸ್ಥಾಪನೆಯಾಯಿತು. ನೂಲನ್ನು ಅಡವಿಟ್ಟು ಹಣ ಪಡೆಯುವ ಸೌಲಭ್ಯ ಯಾವ ಮಿತಿಯವರೆಗೆ ದೊರೆಯುತ್ತದೆಂದು ಧಾರಣೆ ಕುಸಿಯುವ ಮುಂಚೆಯೇ ಮಂಡಳಿಯಲ್ಲಿ ಕೇಳಿಟ್ಟುಕೊಳ್ಳುವುದು ಜಾಣತನ. ಕುಸಿದ ಮೇಲೆ ಎಲ್ಲರೂ ಅದೇ ಬಾಗಿಲಲ್ಲಿ ನಿಂತಿರುತ್ತಾರೆ.

ಹತ್ತಕ್ಕಿಂತ ಹೆಚ್ಚು ಕೆಲಸಗಾರರಿರುವ ಹುರಿ ಘಟಕ, ಸಣ್ಣ ಎಂಜಿನಿಯರಿಂಗ್ ಘಟಕಗಳ ಮಾಲೀಕರು ವಿಮಾ ನೋಂದಣಿಯನ್ನು ಹೊರೆಯೆಂದು ಭಾವಿಸಿ, ಸಂಖ್ಯೆಯನ್ನು ಒಂಬತ್ತಕ್ಕೆ ತೋರಿಸುವ ಪರಿಪಾಠವಿದೆ. ಕಾನೂನಿನ ಮಾತು ಒತ್ತಟ್ಟಿಗಿರಲಿ, ದೇವನಹಳ್ಳಿಯ ಕಾರ್ಖಾನೆಯ ಎದುರು ಸ್ಪರ್ಧಿಸಲು ಇವರ ಬಳಿ ಇರುವ ಅಗ್ಗದ ಅಸ್ತ್ರವೇ ಆ ನೋಂದಣಿ. ಮಾಲೀಕರ ವಂತಿಗೆ ವೇತನದ ಶೇ. 3.25 ಮಾತ್ರ. ಕೆಲಸದಿಂದ ತೆಗೆಯಲೇಬೇಕಾಗಿ ಬಂದರೆ, ಒಂದು ವರ್ಷ ಸತತ ಸೇವೆ ಸಲ್ಲಿಸಿದವರಿಗೆ ಒಂದು ತಿಂಗಳ ಸೂಚನೆ ಮತ್ತು ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ವೇತನದ ಪರಿಹಾರ ಸಲ್ಲಬೇಕೆಂಬ ಹಳೆಯ ನಿಯಮ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಮುಂದುವರಿದಿದೆ. ಇದಲ್ಲದೆ ಮರುಕೌಶಲ್ಯ ನಿಧಿಗೆ 15 ದಿನಗಳ ವೇತನವನ್ನು ಮಾಲೀಕರು ತುಂಬಬೇಕೆಂಬ ಹೊಸ ಅಂಶವನ್ನು ಸಂಹಿತೆ ಸೇರಿಸಿದೆ.

ಹೊಸಬರನ್ನು ತಯಾರು ಮಾಡಲು 2016ರಲ್ಲಿ ಆರಂಭವಾದ ರಾಷ್ಟ್ರೀಯ ಶಿಶಿಕ್ಷು ಉತ್ತೇಜನಾ ಯೋಜನೆಯನ್ನು ಸಣ್ಣ ಘಟಕಗಳು ಬಳಸಿಕೊಂಡದ್ದು ಕಡಿಮೆ. ಶಿಶಿಕ್ಷುವಿನ ಶಿಷ್ಯವೇತನದ ಶೇ. 25ರಷ್ಟನ್ನು, ಗರಿಷ್ಠ ರೂ. 1,500ರವರೆಗೆ, ಕೇಂದ್ರ ಸರ್ಕಾರ ಭರಿಸುವ ಯೋಜನೆಯಿದು. 30ಕ್ಕಿಂತ ಕಡಿಮೆ ಕೆಲಸಗಾರರಿರುವ ಘಟಕಗಳಿಗೆ ಶಿಶಿಕ್ಷುಗಳ ನೇಮಕ ಕಡ್ಡಾಯವಲ್ಲ. ನಾಲ್ವರಿದ್ದರೂ ಇಷ್ಟಪಟ್ಟು ಸೇರಬಹುದು. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಐಟಿಐಗಳಿಂದ ಹೊರಬರುವ ಫಿಟ್ಟರ್, ಎಲೆಕ್ಟ್ರಿಷಿಯನ್ ವಿದ್ಯಾರ್ಥಿಗಳನ್ನು ವ್ಯಾಪಾರ ಮಂದವಾಗಿರುವ ವರ್ಷದಲ್ಲಿ ಸೇರಿಸಿಕೊಳ್ಳುವುದೇ ಸೂಕ್ತ, ಏಕೆಂದರೆ ಆಗ ಕಲಿಸಲು ಮೇಸ್ತ್ರಿಗೆ ಪುರುಸೊತ್ತಿರುತ್ತದೆ. ರೀಲಿಂಗ್ ತರಬೇತಿಗೆ ಬೆಂಗಳೂರಿನ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯನ್ನು ಸಂಪರ್ಕಿಸಬಹುದು.

ಇನ್ನು, ದೂರದ ಕಾರ್ಖಾನೆಯ ಬಸ್ಸು ಹತ್ತಲಾಗದ ಒಂದು ವರ್ಗ ಊರಲ್ಲೇ ಉಳಿದಿದೆ: ಚಿಕ್ಕ ಮಕ್ಕಳ ತಾಯಂದಿರು, ಹಸು ಕಟ್ಟಿರುವ ಮನೆಯ ಹೆಂಗಸರು. ಬೆಳಿಗ್ಗೆ ಹಾಲು ಡೇರಿಗೆ ಹಾಕಿದ ಮೇಲೆ ಮಧ್ಯಾಹ್ನದವರೆಗೆ ಮಾತ್ರ ಅವರಿಗೆ ಬಿಡುವು. ಫಿಲೇಚರಿನ ದಿನವೋ ಕತ್ತಲಿರುವಾಗಲೇ ಆರಂಭವಾಗುತ್ತದೆ. ಪಾಳಿಯ ಹೊತ್ತನ್ನು ಎರಡು ಗಂಟೆ ಮುಂದಕ್ಕೆ ಸರಿಸಿ, ಅರ್ಧ ದಿನದ ಕೆಲಸಕ್ಕೆ ಅರ್ಧ ದಿನದ ಕೂಲಿ ನಿಗದಿ ಮಾಡಿ, ಅದನ್ನು ಬ್ಯಾಂಕ್ ಖಾತೆಗೆ ಜಮಾ ಮಾಡಲು ಮಾಲೀಕರು ಒಪ್ಪಿದರೆ ಖಾಲಿ ಬಿದ್ದಿರುವ ಬೇಸಿನ್‌ಗಳಲ್ಲಿ ಕೆಲವಕ್ಕಾದರೂ ಊರೊಳಗೇ ಜನ ಸಿಗುತ್ತಾರೆ.